ತಂಗುವ ದಿನಗಳು

ಜೂನ್ 5, ಶುಕ್ರವಾರ

ಈ ಪುಸ್ತಕ ನನ್ನದಲ್ಲ, ಮಗಳದು. ಲುಲುಕ್ ಕೆಲಸಕ್ಕೆ ಹೋಗುವ ತಂಗುಮನೆಯಲ್ಲಿ ಹಳೆಯ ಅತಿಥಿ ಪುಸ್ತಕ ತುಂಬಿಹೋಗಿದೆಯಂತೆ. ಸುರಬಾಯದಿಂದ ಗಟ್ಟಿ ರಟ್ಟಿನದು ತಾ ಅಂದಿದ್ದಳು, ತಂದಿದ್ದೇನೆ. ಪ್ರತಿ ಪುಟದಲ್ಲೂ ನಾಲ್ಕು ಕಲಂ: ಹೆಸರು, ಊರು, ತಂಗುವ ದಿನಗಳು, ಅಭಿಪ್ರಾಯ. ನಾನು ಕೊನೆಯ ಪುಟಗಳಲ್ಲಿ, ಗೆರೆಗಳನ್ನು ಲೆಕ್ಕಿಸದೆ ಅಡ್ಡಡ್ಡ ಬರೆಯುತ್ತಿದ್ದೇನೆ. ಅವಳ ಕೈಗೆ ಕೊಡುವ ಮುಂಚೆ ಹರಿದುಹಾಕಿದರಾಯಿತು.

ಬರೆಯದೆ ಇನ್ನೇನು ಮಾಡಲಿ? ನಿನ್ನೆ ಮಧ್ಯಾಹ್ನದಿಂದ ಲಾರಿ ಬಾಲುರಾನ್ ಕಾಡಿನೊಳಗೆ ನಿಂತಿದೆ. ಜಲಸಂಧಿಯಲ್ಲಿ ಅಲೆ ಎದ್ದು ಬಾಲಿಗೆ ಹೋಗುವ ಹಡಗುಗಳು ಕದಲುತ್ತಿಲ್ಲ. ಬಂದರು ಇಲ್ಲಿಂದ ಇಪ್ಪತ್ತೇಳು ಕಿಲೋಮೀಟರು, ಅಷ್ಟುದ್ದಕ್ಕೂ ಲಾರಿಯ ಹಿಂದೆ ಲಾರಿ. ಬಂದರು ದಾಟಿ ಹತ್ತು ಕಿಲೋಮೀಟರು ಹೋದರೆ ಬನ್ಯುವಾಂಗಿಯ ಅಂಚಿನಲ್ಲಿ ನನ್ನ ಮನೆ. ಸಾಲು ತಪ್ಪಿಸಿ ಬಲಕ್ಕೆ ನುಗ್ಗಿದವರನ್ನು ಪೊಲೀಸರು ಹಿಡಿದು ಸಾಲಿನ ಬಾಲಕ್ಕೆ ಅಟ್ಟುತ್ತಿದ್ದಾರೆ.

ನನ್ನ ಲಾರಿಯಲ್ಲಿರುವುದು ಬಾಲಿಯ ಒಂದು ಹೋಟೆಲಿಗೆ ಹೋಗಬೇಕಾದ ನಾನೂರು ಪ್ಲಾಸ್ಟಿಕ್ ಕುರ್ಚಿ. ನಾನೂರು ಕುರ್ಚಿ ಇದ್ದೂ ನನಗೆ ಕಾಲು ಚಾಚಿ ಕೂರಲು ಜಾಗವಿಲ್ಲ.

ಮುಂದಿನ ಲಾರಿ ಮದುರಾದ ಮತ್ರಾವಿಯದು. ಉಪ್ಪು ತುಂಬಿದ್ದಾನೆ. ಹಿಂದಿನ ಹಲಗೆಯ ಮೇಲೆ ‘ಅಮ್ಮನ ಆಶೀರ್ವಾದ, ಬ್ರೇಕಿನ ದಯೆ’ ಅಂತ ಬರೆಸಿದ್ದಾನೆ. ಎರಡು ದಿನದಿಂದ ಅದನ್ನೇ ಓದುತ್ತಿದ್ದೇನೆ. ಅವನು ನನ್ನನ್ನು ನಮ್ಮವರ ಹಾಗೆ ‘ಕಾಂಗ್’ ಅನ್ನುತ್ತಾನೆ, ನಾನು ಅವನನ್ನು ಅವನ ಕಡೆಯವರ ಹಾಗೆ ‘ಚಾಕ್’ ಅನ್ನುತ್ತೇನೆ. ಎರಡೂ ಅಣ್ಣನಿಗೆ ಅನ್ನುವ ಮಾತೇ. ತಮ್ಮನಾಗಲು ಇಬ್ಬರೂ ತಯಾರಿಲ್ಲ.

“ಕಾಂಗ್, ಒಂದೆರಡು ಕುರ್ಚಿ ಇಳಿಸೋ. ಟಾರು ಕೂತಲ್ಲೇ ಸುಡ್ತದೆ” ಅಂದ.

“ಇನ್ನೊಬ್ಬರ ಮಾಲು. ಮುಟ್ಟೋ ಹಾಗಿಲ್ಲ.”

“ಹಂಗಾದ್ರೆ ನೀನು ಮನೆಗಾದ್ರೂ ಹೋಗಿ ಬಾ. ನನ್ನ ಭಾವಮೈದ ಸಾಲೇಹ್ ಹೇಗೂ ಉಪ್ಪಿನ ಮೂಟೆ ಮೇಲೆ ಬಿದ್ಕೊಂಡಿರ್ತಾನೆ. ಅವನಿಗೂ ಲೈಸೆನ್ಸ್ ಇದೆ. ನಿನ್ನ ಲಾರೀನ ಅವನು ಮುಂದಕ್ಕೆ ತರ್ತಾನೆ.”

ಪರರ ಕೈಗೆ ಸ್ಟೇರಿಂಗ್ ಕೊಡುವವರ ಪೈಕಿ ನಾನಲ್ಲ ಅಂದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಕೊಟ್ಟಿಲ್ಲ.

ಜೂನ್ 6, ಶನಿವಾರ

ಬೆಳಿಗ್ಗೆ ಎಂಟು ಮೀಟರು ಮುಂದೆ ಹೋದೆವು. ಆಮೇಲೆ ಇಲ್ಲ.

ಕೋತಿಗಳಿಗೆ ನಮ್ಮ ಹೆದರಿಕೆ ಪೂರ್ತಿ ಹೋಗಿದೆ. ಒಂದು ಬಂದು ಕನ್ನಡಿಯಲ್ಲಿ ಮುಖ ನೋಡಿಕೊಂಡು, ನನ್ನ ಒಣಮೀನಿನ ಪೊಟ್ಟಣ ಎತ್ತಿಕೊಂಡು ಹೋಯಿತು. ಸೀಟಿನ ಹಿಂದಿರುವ ಎರಡು ಮೂಟೆ ಬೂರುಗದ ಅರಳೆಯ ಮೇಲೂ ಅದಕ್ಕೆ ಕಣ್ಣಿದೆ.

ಆ ಮೂಟೆಗಳು ಲುಲುಕ್‌ಳ ಹಾಸಿಗೆಗೆ. ನಮ್ಮೂರಿನಲ್ಲಿ ಹೆಣ್ಣುಮಗಳ ಮದುವೆಗೆ ಅಪ್ಪ ಅಮ್ಮ ಕಪ್ಪು ಬಟ್ಟೆಗೆ ಕೆಂಪು ಅಂಚಿನ ಹಾಸಿಗೆ ಮಾಡಿಸಿಕೊಡಬೇಕು. ಹೋದ ತಿಂಗಳು ಊರಿಗೆ ಊರೇ ಹಾಸಿಗೆಗಳನ್ನು ಬೀದಿಯ ಬಿಸಿಲಿಗೆ ಹಾಕುವ ದಿನ ಅಪರೂಪಕ್ಕೆ ನಾನೂ ಮನೆಯಲ್ಲಿದ್ದೆ. ಲುಲುಕ್ ಕೋಲು ಹಿಡಿದು ಹಾಸಿಗೆ ಬಡಿಯುತ್ತಾ, “ಎಲ್ಲಾರದ್ದೂ ಬೀದಿಗೆ ಬಂತು. ನನ್ನ ಹಾಸಿಗೆ ಮಾತ್ರ ಇನ್ನೂ ಮರದ ಮೇಲೇ ನೇತಾಡ್ತಿದೆ ಕಣಪ್ಪ” ಅಂದಳು. ಆಗಲೇ ನಿಶ್ಚಯ ಮಾಡಿದೆ. ಬಂದರಿನ ಕಚೇರಿಯಲ್ಲಿ ಗುಮಾಸ್ತನಾಗಿರುವ ರೋನಿಯ ಮನೆಯವರ ಜೊತೆ ಮಾತಾಡಿದೆ. ಬಿಳಿ ಅಂಗಿ, ನೆರಳಿನಲ್ಲಿ ಕೂತು ಮಾಡುವ ಕೆಲಸ. ಹುಡುಗಿ ಏನೂ ಅನ್ನಲಿಲ್ಲ. ಒಪ್ಪಿಗೆ ಅಂದುಕೊಂಡೆ.

ಅದಕ್ಕೂ ಮುಂಚೆ ಒಂದು ಸಲ ಅದೆನಾನ್ ಅಂತ ಒಬ್ಬನ ಹೆಸರು ಎತ್ತಿದ್ದಳು. ಇಜೆನ್ ಜ್ವಾಲಾಮುಖಿಯ ಬಾಯಿಂದ ಗಂಧಕ ಹೊರುವವನು. ಪ್ರವಾಸಿಗಳು ಹೆಚ್ಚಾದ ದಿನ ಅವರನ್ನು ಗಾಡಿಯಲ್ಲಿ ಕೂರಿಸಿ ಗುಡ್ಡಕ್ಕೆ ಎಳೆಯುತ್ತಾನೆ. ನಾನು ಊಟದ ತಟ್ಟೆ ಸರಿಸಿ ಎದ್ದುಬಿಟ್ಟಿದ್ದೆ. ನನ್ನಪ್ಪನೂ ಗಂಧಕ ಹೊತ್ತವನೇ. ಹೆಗಲಿನ ಮೇಲೆ ಎರಡು ಗಂಟು, ಎದೆಯಲ್ಲಿ ಕೆಮ್ಮು, ನಲವತ್ತೊಂದಕ್ಕೆ ಮಣ್ಣು. ಅವನು ಹೋದ ಮೇಲೆ ಎಷ್ಟು ಸಲ ಬಿಸಿಲಿಗೆ ಹಾಕಿದರೂ ಅವನ ಹಾಸಿಗೆಯಿಂದ ಗಂಧಕದ ವಾಸನೆ ಹೋಗಲಿಲ್ಲ. ಅಮ್ಮ ಕೊನೆಯವರೆಗೂ ಅದರ ಮೇಲೇ ಮಲಗಿದಳು. ನನ್ನ ಮನೆಯಿಂದ ಇನ್ನು ಯಾರೂ ಆ ಗುಡ್ಡ ಹತ್ತಬಾರದು ಅಂತ ಹನ್ನೆರಡನೇ ವಯಸ್ಸಿಗೇ ಲಾರಿ ತೊಳೆಯಲು ಬಂದವನು ನಾನು.

ಕಾಡಿನೊಳಗೆ ಫೋನು ಸಿಗುವುದಿಲ್ಲ. ಮನೆಯವರಿಗೆ ಎಲ್ಲಿದ್ದೇನೆ ಅಂತ ಗೊತ್ತಿದೆಯೋ ಇಲ್ಲವೋ.

ಜೂನ್ 7, ಭಾನುವಾರ

ಬೆಳಿಗ್ಗೆ ಒಂಬತ್ತಕ್ಕೆ ನಮ್ಮೂರಿನ ಸೆರಾದಜ್ಜ ತನ್ನ ಹಳೇ ಬೈಕಿನಲ್ಲಿ ಸಾಲಿನ ಪಕ್ಕ ಬರುತ್ತಿರುವುದು ಕಾಣಿಸಿತು. ಎಪ್ಪತ್ತನಾಲ್ಕು ವಯಸ್ಸು. ಕಪ್ಪು ಅಂಗಿ, ತಲೆಗೆ ಬಾಟಿಕ್ ವಸ್ತ್ರ. ಒಂದೊಂದೇ ಲಾರಿಯ ನಂಬರು ಓದಿಕೊಂಡು ಬರುತ್ತಿದ್ದ. ನನಗೆ ಖುಷಿಯೋ ಖುಷಿ. ಕ್ಯಾಬಿನಿಗೆ ಹತ್ತಿಸಿ, ಫ್ಲಾಸ್ಕು ತೆಗೆದು, ಕಾಫಿ ಬಗ್ಗಿಸಿ ಮುಂದೆ ಹಿಡಿದೆ.

“ಬೇಡ” ಅಂದ.

ನಮ್ಮೂರಿನವನು ಕಾಫಿ ಬೇಡ ಅನ್ನುವುದಿಲ್ಲ. ಜಗಳವಾಡಿಕೊಂಡು ಬಂದವನೂ ಮೊದಲು ಕಾಫಿ ಕುಡಿದು ಆಮೇಲೆ ಬಯ್ಯುತ್ತಾನೆ. ಬೇಡ ಅನ್ನುವವನು ಒಬ್ಬನೇ, ಹುಡುಗಿ ಒಪ್ಪಿಯೇ ಅವಳನ್ನು ಕದ್ದೊಯ್ದವರ ಕಡೆಯ ದೂತ. ಹೆಣ್ಣಿನ ಅಪ್ಪ ಒಪ್ಪುವ ತನಕ ಅವನ ಕೈಯಿಂದ ಹನಿ ನೀರನ್ನೂ ಮುಟ್ಟುವ ಹಾಗಿಲ್ಲ. ನನ್ನ ಕೈಯಲ್ಲಿದ್ದ ಲೋಟ ಕೈಯಲ್ಲೇ ಉಳಿಯಿತು.

“ತಿಂಬುಲ್, ನಿನ್ನ ಮನೆ ಹೂವು ಕಳೆದುಹೋಗಿಲ್ಲ. ಅದೆನಾನನ ಮನೇಲಿ ಕ್ಷೇಮವಾಗಿದೆ” ಅಂದ ಅಜ್ಜ. “ನಿನ್ನೆ ಸಂಜೆ ಕರ್ಕೊಂಡು ಹೋದ್ರು. ಅಲ್ಲಿ ಹೆಂಗಸರ ಜೊತೆ ಮಲಗಿದಾಳೆ, ಹುಡುಗ ಅವನ ದೊಡ್ಡಪ್ಪನ ಮನೇಲಿ. ನಿನ್ನ ಮಾತು ಕೇಳೋಕೆ ಬಂದೆ.”

ನಾನು ಏನೇನು ಕೂಗಾಡಿದೆನೋ ಎಲ್ಲವನ್ನೂ ಬರೆಯಲಾರೆ. ಹಿಂದಿನ ಲಾರಿಯವನು ಇಳಿದು ನೋಡಿದ. ಉಪ್ಪಿನ ಮೇಲೆ ಮಲಗಿದ್ದ ಸಾಲೇಹ್ ಕೂಡ ತಲೆ ಎತ್ತಿದನಂತೆ. ಅಜ್ಜ ಮಾತ್ರ ಮೊಣಕಾಲ ಮೇಲೆ ಕೈ ಇಟ್ಟುಕೊಂಡು ಕೂತೇ ಇದ್ದ.

“ಆಯ್ತಾ?” ಅಂದ. “ಈಗ ಮಾತು ಹೇಳು.”

“ನಾನು ಒಪ್ಪಲ್ಲ ಅಂದ್ರೆ?”

“ಅದೂ ಮಾತೇ. ಹೇಳು, ತಗೊಂಡು ಹೋಗ್ತೀನಿ. ಹುಡುಗಿ ಮನೆಗೆ ವಾಪಸ್ ಬರ್ತಾಳೆ. ಹೇಳದೆ ಇದ್ರೆ ಮಾತ್ರ ನಾನು ವಾಪಸ್ ಹೋಗಲ್ಲ. ಕಟ್ಟಳೆ ನಿಂಗೂ ಗೊತ್ತು.”

ಗೊತ್ತಿಲ್ಲದೆ ಏನು? ಇಪ್ಪತ್ತೇಳು ವರ್ಷದ ಹಿಂದೆ ನನ್ನ ಹೆಂಡತಿ ಸುಮ್ಯಾತಿಯನ್ನು ನಾನೂ ಹೀಗೇ ಕದ್ದೊಯ್ದಿದ್ದೆ. ಅವಳ ಅಪ್ಪನ ಹತ್ತಿರ ನನ್ನ ದೂತನಾಗಿ ಹೋದವನೂ ಇದೇ ಸೆರಾದಜ್ಜ.

ಹದಿನಾರರ ಸಂಜೆಗೆ ಸುರೊ ತಿಂಗಳು ಹುಟ್ಟುತ್ತದೆ. ಸುರೊದಲ್ಲಿ ನಮ್ಮವರು ಮದುವೆ ಮಾಡುವುದಿಲ್ಲ. ಅಪ್ಪನ ಬಾಯಿಮಾತಿಲ್ಲದೆ ನಿಕಾ ಮಾಡಿಸುವವರೂ ಪುಸ್ತಕ ತೆರೆಯುವುದಿಲ್ಲ. ಅಷ್ಟರೊಳಗೆ ಮಾತು ಹೋಗದಿದ್ದರೆ ಲುಲುಕ್ ಅತ್ತ ಸೊಸೆಯೂ ಅಲ್ಲ, ಇತ್ತ ಮಗಳೂ ಅಲ್ಲ ಅಂತ ತಿಂಗಳುಗಟ್ಟಲೆ ಬೇರೆಯವರ ಮನೆಯಲ್ಲಿ ಕೂರಬೇಕು, ಊರು ಬಾಯಿಗೆ ಬಂದದ್ದು ಆಡುತ್ತದೆ.

ಇಲ್ಲ ಅಂತ ಹೇಳಿಬಿಡಬೇಕಿತ್ತು. ಕೋಪದಲ್ಲಿ ಆಡಿದ ಮಾತು ನಿಲ್ಲುವುದಿಲ್ಲ ಅಂತ ಸುಮ್ಮನಾದೆ. ನಾಳೆ ಹೇಳುತ್ತೇನೆ.

ಅಜ್ಜನಿಗೆ ಮಲಗಲು ನಾಲ್ಕು ಕುರ್ಚಿ ಇಳಿಸಬೇಕಾಯಿತು.

ಜೂನ್ 8, ಸೋಮವಾರ

ಚಲನೆ ಇಲ್ಲ. ಮಾತೂ ಇಲ್ಲ.

ಅಜ್ಜ ಮತ್ರಾವಿಯ ಒಲೆಯ ಅನ್ನ ತಿಂದ, ಮತ್ರಾವಿಯ ಕಾಫಿ ಕುಡಿದ, ಅದೂ ನನ್ನ ಮುಂದೆಯೇ. ಮತ್ರಾವಿಯ ಕಾಫಿ ಉಪ್ಪುಪ್ಪಾಗಿದೆಯಂತೆ. ಆಗಲಿ, ಕುಡಿಯಲಿ.

ಜೂನ್ 9, ಮಂಗಳವಾರ

ಕೋತಿ ಒಂದು ಮೂಟೆ ಹರಿದುಬಿಟ್ಟಿತು. ಕ್ಯಾಬಿನ್ ತುಂಬ ಅರಳೆ. ನನ್ನ ಮೀಸೆಗೆ, ಹುಬ್ಬಿಗೆ, ಅಜ್ಜನ ತಲೆವಸ್ತ್ರಕ್ಕೆಲ್ಲ ಅಂಟಿಕೊಂಡಿತು. ಮತ್ರಾವಿ ನೋಡಿ, “ಇಬ್ರೂ ಒಟ್ಟಿಗೆ ಮುದುಕರಾದ್ರಿ” ಅಂದ.

ಎಲ್ಲವನ್ನೂ ಕೂಡಿಸುವಾಗ ನೋಡಿದರೆ ಅರಳೆಯ ತುಂಬ ಕರೀ ಬೀಜ. ಬಿಡಿಸಿದ್ದೇನೆ ಅಂತ ಮಾರಿದವನು ಹೇಳಿದ್ದು ಸುಳ್ಳು. ಬೀಜ ಬಿಟ್ಟರೆ ಇಲಿ ಸೇರುತ್ತದೆ, ಮಲಗಿದವರ ಬೆನ್ನಿಗೆ ಒತ್ತುತ್ತದೆ. ಸುಮ್ಮನೆ ಕೂರುವ ಬದಲು ಅಂತ ಬಿಡಿಸತೊಡಗಿದೆ. ಕೈಗೆ ಏನಾದರೂ ಬೇಕಲ್ಲ. ಬಾಲಿಯಲ್ಲಿ ಯಾರಿಗಾದರೂ ಕೊಟ್ಟುಬಿಡುತ್ತೇನೆ.

ಸ್ವಲ್ಪ ಹೊತ್ತಿಗೆ ಅಜ್ಜನೂ ಒಂದು ಹಿಡಿ ಎಳೆದುಕೊಂಡು ಬಿಡಿಸಲು ಕೂತ.

“ಇದು ಮುಟ್ಟಬಹುದಾ?” ಅಂತ ಚುಚ್ಚಿದೆ.

“ತಿನ್ನೋದಲ್ಲವಲ್ಲ” ಅಂದ.

ಮಧ್ಯಾಹ್ನ ಗಾಳಿ ತಿರುಗಿ ಒಂದು ಗಳಿಗೆ ಫೋನು ಸಿಕ್ಕಿತು. ಸುಮ್ಯಾತಿ. “ಲುಲುಕ್ ಅಪ್ಪಾ, ಅಜ್ಜ ಸಿಕ್ಕಿದ್ರಾ?” ಅಂದಳು.

“ನಿನಗೆ ಮೊದಲೇ ಗೊತ್ತಿತ್ತಾ?”

“ಗೊತ್ತಿತ್ತು ಅಂತಲೇ ಇಟ್ಕೊಳ್ಳಿ. ನಿಮ್ಮನ್ನ ಕೇಳೋಣ ಅಂದ್ರೆ ನೀವು ಯಾವಾಗ ಮನೇಲಿದ್ರಿ?”

ಅಷ್ಟರಲ್ಲಿ ಹೋಯಿತು. ಯಾವಾಗ ಮನೆಯಲ್ಲಿದ್ದೆ ಅಂತ ಕೇಳುತ್ತಾಳೆ. ಮನೆ ನಡೆದದ್ದು ಯಾರ ದುಡಿಮೆಯಿಂದ?

ಜೂನ್ 10, ಬುಧವಾರ

ಬಲಗಡೆಯ ದಾರಿಯೂ ಕಟ್ಟಿಕೊಂಡಿತು. ನನ್ನ ಪಕ್ಕಕ್ಕೆ ಒಂದು ಕಾರು ಬಂದು ನಿಂತಿತು. ಒಳಗೆ ಬಂಡುಂಗ್ ಕಡೆಯ ಗಂಡ ಹೆಂಡತಿ, ಬನ್ಯುವಾಂಗಿ ನೋಡಲು ಹೊರಟವರು. ಎರಡು ಗಂಟೆ ಕಾದು ಅವರಿಗೂ ಸಾಕಾಗಿ ಇಳಿದರು. ಆ ಹೆಣ್ಣುಮಗಳು ಏಳು ತಿಂಗಳ ಬಸುರಿ. ನೆಲದಲ್ಲಿ ಕೂರು ಅನ್ನಲು ಬಾಯಿ ಬರಲಿಲ್ಲ. ಇನ್ನೆರಡು ಕುರ್ಚಿ ಇಳಿಸಿದೆ. ಅದನ್ನು ನೋಡಿ ಮತ್ರಾವಿ ತಾನೇ ಹತ್ತಿ ಆರು ಇಳಿಸಿಕೊಂಡ. ಬಯ್ದೆ. ಕೇಳಲಿಲ್ಲ.

ಗಂಡ ನನ್ನನ್ನು ಕೇಳಿದ, “ಯಜಮಾನ್ರೇ, ನೀವು ಇಲ್ಲಿಯವರಲ್ವಾ? ಮೂರು ದಿನ ಇದೆ ನಮಗೆ. ಏನೇನು ನೋಡಬಹುದು?”

ಬಂದರಿನಿಂದ ಮನೆಯ ದಾರಿ ಗೊತ್ತು, ಟಯರು ಅಂಗಡಿ ಗೊತ್ತು. ಸುಕಮಾಡೆ ದಡಕ್ಕೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ ಅಂತ ಲುಲುಕ್ ಹೇಳಿದ್ದು ನೆನಪಾಯಿತು. ನಾನು ಒಮ್ಮೆಯೂ ನೋಡಿಲ್ಲ. ಇಜೆನ್ ಅಂದರೆ ನನಗೆ ಅಪ್ಪನ ಕೆಮ್ಮು. ಅದನ್ನು ನೋಡಲು ಜನ ಎಲ್ಲಿಂದಲೋ ಬರುತ್ತಾರೆ.

“ನನ್ನ ಮಗಳನ್ನ ಕೇಳಿದ್ರೆ ಎಲ್ಲಾ ಹೇಳ್ತಿದ್ಲು” ಅಂದೆ. ತಂಗುಮನೆಯ ಹೆಸರನ್ನೂ ಕೊಟ್ಟೆ.

ಲುಲುಕ್ ನನ್ನನ್ನು ಆಡಿಕೊಳ್ಳುವುದು ಇದಕ್ಕೇ. “ನಮ್ಮಲ್ಲಿಗೆ ಬರೋರು ಮೂರು ದಿನ ಇರ್ತಾರಪ್ಪ. ಒಂದು ದಿನ ಗುಡ್ಡ, ಒಂದು ದಿನ ಕಾಡು, ಒಂದು ದಿನ ಸಮುದ್ರ. ನೀನು ಅಷ್ಟೂ ಇರಲ್ಲ. ಹೋಗೋವಾಗ ಅವರ ಥರ ಅಭಿಪ್ರಾಯನಾದ್ರೂ ಬರೆದುಹೋಗು.” ಪ್ರತಿ ಸಲವೂ ನಗುತ್ತಾ ಹೇಳುತ್ತಾಳೆ. ನಾನೂ ನಗುತ್ತೇನೆ.

ಮೊದಲ ಮೂಟೆ ಮುಗಿಯಿತು.

ಜೂನ್ 11, ಗುರುವಾರ

ಹನ್ನೊಂದು ಕಿಲೋಮೀಟರು! ಬೆಳಿಗ್ಗೆ ನಾಲ್ಕು ಹಡಗು ಬಿಟ್ಟರಂತೆ. ಇಳಿಸಿದ ಕುರ್ಚಿಗಳನ್ನು ಏರಿಸುವುದು, ಅಜ್ಜನನ್ನು ಹತ್ತಿಸುವುದು, ಬೈಕನ್ನು ಉಪ್ಪಿನ ಮೇಲೆ ಕಟ್ಟುವುದು, ಗದ್ದಲವೋ ಗದ್ದಲ. ಕಾಡು ದಾಟಿ ಮೆಣಸಿನಕಾಯಿ ಹೊಲಗಳ ನಡುವೆ ಬಂದು ಮತ್ತೆ ನಿಂತೆವು. ಮತ್ತೆ ಅಲೆ.

ಇಲ್ಲಿ ಫೋನು ಚೆನ್ನಾಗಿ ಸಿಗುತ್ತದೆ. ಲುಲುಕ್ ಐದು ಸಲ ಮಾಡಿದಳು. ಎತ್ತಲಿಲ್ಲ. ಕಟ್ಟಳೆಯ ಪ್ರಕಾರ ಮಾತು ದೂತನ ಮೂಲಕವೇ ಹೋಗಬೇಕು. ಅವಳೇ ಕಟ್ಟಳೆ ಹಿಡಿದು ಹೋಗಿದ್ದಾಳೆ, ಹಿಡಿಯಲಿ.

ಮತ್ರಾವಿ ಕಿಟಕಿಗೆ ಬಂದು, “ಯಾರಿಗೆ ಹಾಸಿಗೆ ಕಾಂಗ್?” ಅಂದ.

“ಯಾರಿಗೂ ಇಲ್ಲ. ಹೊತ್ತು ಹೋಗಲಿ ಅಂತ.”

“ಹೊತ್ತು ಹೋಗಲಿ ಅಂತ ಇಷ್ಟು ಸಣ್ಣ ಬೀಜ ಹುಡುಕ್ತಾರಾ?”

ಅವನ ಉಪ್ಪನ್ನು ನೋಡಿಕೋ ಅಂದೆ.

ಜೂನ್ 12, ಶುಕ್ರವಾರ

ಬಿಸಿಲು. ಬೆನ್ನೆಲ್ಲ ಬೆವರುಸಾಲೆ. ನೀರಿನ ಕ್ಯಾನಿನ ತಳ ಕಾಣುತ್ತಿದೆ. ಈ ಕ್ಯಾಬಿನ್ನಿನಲ್ಲಿ ಕೈ ಚಾಚಿದರೆ ಬಾಗಿಲು, ತಲೆ ಎತ್ತಿದರೆ ಮಾಡು, ಎದುರಿಗೆ ಅಮ್ಮನ ಆಶೀರ್ವಾದ. ಇಪ್ಪತ್ತೊಂಬತ್ತು ವರ್ಷ ಇದರಲ್ಲೇ ಕೂತಿದ್ದೆ, ಇಷ್ಟು ಚಿಕ್ಕದು ಅಂತ ಗೊತ್ತಿರಲಿಲ್ಲ. ಆಗೆಲ್ಲ ಓಡುತ್ತಿತ್ತು.

ಇಲ್ಲ ಅಂತ ಹೇಳಲು ಎರಡು ಸಲ ಬಾಯಿ ತೆರೆದೆ. ಅಜ್ಜ ಬೀಜ ಬಿಡಿಸುವುದು ನಿಲ್ಲಿಸಿ ನನ್ನ ಮುಖ ನೋಡಿದ. ನೀರು ತರುತ್ತೇನೆ ಅಂತ ಇಳಿದುಹೋದೆ.

ಜೂನ್ 13, ಶನಿವಾರ

ಬೆಳಿಗ್ಗೆ ವಾಟು ದೋದೊಲ್ ಬಂಡೆಯ ಹತ್ತಿರಕ್ಕೆ ಬಂದು ನಿಂತೆವು. ಎಡಗಡೆ ಸಮುದ್ರ, ಆಚೆ ಬಾಲಿ. ಬಂದರಿಗೆ ಐದು ಕಿಲೋಮೀಟರು, ಮನೆಗೆ ಹದಿನೈದು. ಬಲಗಡೆಯ ದಾರಿ ಖಾಲಿ, ಬೈಕುಗಳು ಜುಮ್ಮಂತ ಹೋಗುತ್ತಿವೆ.

ಹತ್ತು ಗಂಟೆಗೆ ಎರಡನೇ ಮೂಟೆಯೂ ಮುಗಿಯಿತು. ಮೂಟೆಯನ್ನು ಬೋರಲು ಹಾಕಿ ಕೊಡವಿದೆ. ಬಿಡಿಸಲು ಒಂದು ಎಳೆಯೂ ಉಳಿದಿಲ್ಲ. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಸ್ಟೇರಿಂಗಿನ ಮೇಲೆ ಇಟ್ಟೆ.

ಮತ್ರಾವಿ ಬಂದು, “ಕಾಂಗ್, ಮೊದಲನೇ ದಿನ ಹೇಳಿದ್ದೆ, ಈಗ್ಲೂ ಹೇಳ್ತೀನಿ. ಸಾಲೇಹ್ ಇದಾನೆ, ಎಂಟು ದಿನ ಮಲಗಿ ಎದ್ದಿದಾನೆ. ಲಾರಿ ನಿನ್ನ ಹಿಡ್ಕೊಂಡಿಲ್ಲ. ನೀನೇ ಅದನ್ನ ಹಿಡ್ಕೊಂಡಿದೀಯ” ಅಂದು, ಉತ್ತರಕ್ಕೂ ಕಾಯದೆ ಹೊರಟುಹೋದ.

ಸ್ವಲ್ಪ ಹೊತ್ತಿನ ಮೇಲೆ ನಾನೇ ಕೇಳಿದೆ, “ಅಜ್ಜ, ಸುಮ್ಯಾತಿ ಅಪ್ಪ ಅವತ್ತು ನಿಮಗೆ ಏನಂದ್ರು?”

“ಇಷ್ಟು ವರ್ಷ ಕೇಳಿರಲಿಲ್ಲ ನೀನು.”

“ಒಪ್ಪಿದ್ರು ಅಂದ್ರಿ. ಅಷ್ಟು ಸಾಕಾಗಿತ್ತು.”

“ಬೆಳಿಗ್ಗೆಯಿಂದ ಸಂಜೆ ತನಕ ಅಂಗಳದಲ್ಲಿ ಕೂರಿಸಿದ್ದ. ಸಂಜೆ ಹೊರಗೆ ಬಂದು, ‘ಸೆರಾದ್, ಇವನು ಲಾರಿ ಹುಡುಗ. ಮನೆಗೆ ನೆಂಟನ ಹಂಗೆ ಬಂದು ಹೋಗ್ತಾನೆ. ನನ್ನ ಮಗಳು ಗಂಡ ಇದ್ದೂ ಒಂಟಿಯಾಗಿ ಬಾಳ್ತಾಳೆ. ನಂಗೆ ಇಷ್ಟ ಇಲ್ಲ’ ಅಂದ. ನಾನು ಎದ್ದೆ. ಇಲ್ಲ ಅಂತ ತಗೊಂಡು ಹೋಗೋಣ ಅಂತಲೇ ಎದ್ದೆ. ಗೇಟಿನ ತನಕ ಹೋದಾಗ ಕರೆದ. ‘ಅವಳಿಗೆ ಅವನೇ ಬೇಕಂತೆ. ಅವನು ಬಂದ ದಿನವಾದ್ರೂ ಮೆತ್ತಗೆ ಮಲಗಲಿ, ಅರಳೆ ಜಾಸ್ತಿ ಹಾಕಿಸ್ತೀನಿ’ ಅಂದು ಕಾಫಿ ಬಗ್ಗಿಸಿದ.”

“ನನಗ್ಯಾಕೆ ಹೇಳ್ಲಿಲ್ಲ?”

“ಅಳಿಯನಿಗೆ ಹೇಳೋ ಮಾತೇನೋ ಅದು?”

ನಮ್ಮ ಹಾಸಿಗೆ ಬೀದಿಯ ಎಲ್ಲರ ಹಾಸಿಗೆಗಿಂತ ದಪ್ಪ. ಪ್ರತಿ ವರ್ಷ ಬಿಸಿಲಿಗೆ ಹಾಕುವಾಗ ಭಾರ ಅಂತ ನಾನು ಗೊಣಗುತ್ತಿದ್ದೆ. ಮಾವ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಾಗಲಿಲ್ಲ. ಸುಮ್ಯಾತಿ ಒಂಟಿಯಾಗಿಯೇ ಬಾಳಿದಳು. ಲುಲುಕ್ ಹುಟ್ಟಿದಾಗ ನಾನು ಲೊಂಬೋಕಿನಲ್ಲಿದ್ದೆ. ಅಷ್ಟು ಸರಿಯಾಗಿ ಕಂಡ ಮನುಷ್ಯ ಕೂಡ ಕೊನೆಗೆ ಕಾಫಿ ಕೊಟ್ಟ.

ಅಳು ಬಂತು. ಬರೆಯಲು ನಾಚಿಕೆಯಿಲ್ಲ, ಹೇಗೂ ಈ ಹಾಳೆ ಹರಿಯುವುದೇ. ಅಜ್ಜ ಆ ಕಡೆ ತಿರುಗಿ ಬಾಲಿ ನೋಡುತ್ತಿದ್ದ.

ಫ್ಲಾಸ್ಕು ಒಣಗಿತ್ತು. ನನ್ನ ಸ್ಟೌವಿನಲ್ಲಿ ಗ್ಯಾಸಿಲ್ಲ, ಕ್ಯಾನಿನಲ್ಲಿ ನೀರಿಲ್ಲ. ಮತ್ರಾವಿಯ ಹತ್ತಿರ ನೀರು, ಹಿಂದಿನವನ ಹತ್ತಿರ ಒಲೆ, ಅವನ ಹಿಂದಿನವನ ಹತ್ತಿರ ಸಕ್ಕರೆ ಕೇಳಿದೆ. ಪುಡಿ ಮಾತ್ರ ನಮ್ಮೂರಿನದೇ ಇತ್ತು. ಏನು ವಿಷಯ ಅಂತ ಒಬ್ಬೊಬ್ಬರ ಬಾಯಿಂದ ಸಾಲಿನುದ್ದ ಹಬ್ಬಿತು. ನೀರು ಕುದಿಯುವಷ್ಟರಲ್ಲಿ ಮತ್ರಾವಿ ಲಾರಿ ಹತ್ತಿ ಕುರ್ಚಿ ಇಳಿಸುತ್ತಿದ್ದ. ಬೇಡ ಅನ್ನಲಿಲ್ಲ. ಸಮುದ್ರದ ಕಡೆ ಮುಖಮಾಡಿ ರಸ್ತೆಯ ಅಂಚಿನುದ್ದಕ್ಕೂ ನೂರಾರು ಬಿಳಿ ಕುರ್ಚಿ. ಡ್ರೈವರುಗಳು ಲುಂಗಿ ಸರಿಮಾಡಿಕೊಂಡು, ಕೆಲವರು ಮುಖ ತೊಳೆದುಕೊಂಡು ಬಂದು ಕೂತರು.

ಲೋಟ ಎರಡೂ ಕೈಯಲ್ಲಿ ಹಿಡಿದು ಅಜ್ಜನ ಮುಂದೆ ನಿಂತೆ.

“ಅಜ್ಜ, ಕುಡೀರಿ” ಅಂದೆ.

“ನೋಡ್ಕೊಂಡು ಕೊಡ್ತಿದೀಯಾ?”

“ನೋಡ್ಕೊಂಡೇ. ಗಂಧಕ ನಂಗೆ ಇಷ್ಟ ಇಲ್ಲ. ಇವತ್ತೂ ಇಲ್ಲ. ಅವಳಿಗೆ ಅವನು ಇಷ್ಟ.”

ಅಜ್ಜ ಒಂದೇ ಉಸಿರಿಗೆ ಕುಡಿದ. ಗಂಟಲು ಸುಟ್ಟಿತೇನೋ, ಕಣ್ಣಲ್ಲಿ ನೀರು ಬಂತು. ಡ್ರೈವರುಗಳು ಹೋ ಅಂತ ಕೂಗಿದರು. ಯಾರೋ ಹಾರ್ನ್ ಒತ್ತಿದ, ಅದನ್ನು ಕೇಳಿ ಹಿಂದಿನವರು ಸಾಲು ಹೊರಟಿತು ಅಂದುಕೊಂಡು ಐದು ಕಿಲೋಮೀಟರು ಉದ್ದ ಹಾರ್ನ್ ಒತ್ತಿದರು.

ಕೀಲಿಯನ್ನು ಸಾಲೇಹ್ ಕೈಗೆ ಕೊಟ್ಟೆ. ಎರಡನೇ ಗೇರು ಸ್ವಲ್ಪ ಹಟಮಾರಿ ಅಂತ ಹೇಳಿದೆ. ಕುರ್ಚಿಗಳನ್ನು ಎಣಿಸಿ ಏರಿಸುತ್ತೇನೆ ಅಂತ ಮತ್ರಾವಿ ಅಮ್ಮನ ಮೇಲೆ ಆಣೆ ಇಟ್ಟ. ಅಜ್ಜನ ಬೈಕಿನ ಹಿಂದೆ ಕೂತು, ಅರಳೆಯ ಎರಡು ಮೂಟೆಗಳನ್ನು ಎಡಬಲದಲ್ಲಿ ತಬ್ಬಿಕೊಂಡು ಹೊರಟೆ. ಬಂದರಿನ ಎದುರು ಎಡಕ್ಕೆ ತಿರುಗದೆ ನೇರ ಹೋದದ್ದು ಈ ಬಾರಿಯೇ ಮೊದಲು, ತುಂಬಿದ ಲಾರಿ ಹಿಂದೆ ಬಿಟ್ಟು.

ಜೂನ್ 15, ಸೋಮವಾರ

ಬೆಳಿಗ್ಗೆ ನಿಕಾ ಆಯಿತು. ಹೇಳಬೇಕಾದ ಮಾತನ್ನು ನಾನೇ ಹೇಳಿದೆ. ದನಿ ನಡುಗಲಿಲ್ಲ ಅಂತ ಸುಮ್ಯಾತಿ ಅನ್ನುತ್ತಾಳೆ.

ನಿನ್ನೆ ಇಡೀ ದಿನ ಹೆಂಗಸರು ಹಾಸಿಗೆ ಹೊಲಿದರು. “ಇಷ್ಟು ಶುದ್ಧವಾದ ಅರಳೆ ನೋಡೇ ಇಲ್ಲ, ಒಂದು ಬೀಜ ಇಲ್ಲ. ಯಾರು ಬಿಡಿಸಿದ್ದು?” ಅಂತ ಪಕ್ಕದ ಮನೆಯಾಕೆ ಕೇಳಿದಳು. ಕೆಮ್ಮಿದೆ, ಹೊರಗೆ ಹೋದೆ.

ಮಧ್ಯಾಹ್ನ ಹಾಸಿಗೆಯನ್ನು ಅದೆನಾನನ ಮನೆಗೆ ಸಾಗಿಸಬೇಕಿತ್ತು. ಅವನೊಬ್ಬನೇ ಎತ್ತಿ ಹೆಗಲಿಗೇರಿಸಿಕೊಂಡ. ಅಂಗಿಯ ಕೊರಳು ಸರಿದು ಹೆಗಲಿನ ಗಂಟು ಕಂಡಿತು. ನನ್ನಪ್ಪನದು ಇದ್ದ ಜಾಗದಲ್ಲೇ ಇದೆ. ಕಣ್ಣು ಕೀಳಲಾಗಲಿಲ್ಲ.

“ಇಳಿಸು” ಅಂದೆ.

ಹುಡುಗ ಹೆದರಿ ಇಳಿಸಿದ.

“ಆ ತುದಿ ನೀನು ಹಿಡಿ. ಈ ತುದಿ ನಾನು.”

ಬೀದಿಯುದ್ದ ಇಬ್ಬರೂ ಹೊತ್ತುಕೊಂಡು ಹೋದೆವು. ಅವನು ನನ್ನ ನಡಿಗೆಗೆ ತನ್ನ ನಡಿಗೆ ಕೂಡಿಸಿದ. ಹೊರುವವರಿಗೆ ಅದು ಬರುತ್ತದೆ. ಅರ್ಧ ದಾರಿಯಲ್ಲಿ, ತಾನಾಗಿಯೇ, “ಅಪ್ಪಾ, ಗಂಧಕ ಇನ್ನು ವಾರಕ್ಕೆ ಎರಡೇ ದಿನ. ಗಾಡಿಯ ಕೆಲಸ ಹೆಚ್ಚಾದ್ರೆ ಅದೂ ಬಿಡ್ತೀನಿ” ಅಂದ. ನನ್ನನ್ನು ಅಪ್ಪ ಅಂದದ್ದು ಅದೇ ಮೊದಲು. ಮಾತು ಉಳಿಸಿಕೊಳ್ಳುತ್ತಾನೋ ಇಲ್ಲವೋ ಗೊತ್ತಿಲ್ಲ. ನಾನೂ ಮದುವೆಯ ಹೊಸತರಲ್ಲಿ ಸುಮ್ಯಾತಿಗೆ ತಿಂಗಳಿಗೆ ಹತ್ತು ದಿನ ಮನೆಯಲ್ಲಿರುತ್ತೇನೆ ಅಂದಿದ್ದೆ.

ಸಂಜೆ ಮತ್ರಾವಿ ಫೋನು ಮಾಡಿದ. ಸಾಲು ಕರಗಿ ಇಬ್ಬರ ಲಾರಿಯೂ ಬಂದರಿನ ಗೇಟಿಗೆ ಬಂದಿದೆ. ಕುರ್ಚಿ ನಾನೂರೂ ಇವೆ. ಒಂದರ ಮೇಲೆ ಕೋತಿಯ ಹಲ್ಲಿನ ಗುರುತು. “ನಾಳೆ ಮಧ್ಯಾಹ್ನ ಹಡಗು. ಬರ್ತೀಯೋ, ಸಾಲೇಹ್ ದಾಟಿಸಿ ಇಳಿಸಿ ಬರ್ಲೋ? ಎದ್ದಿರೋವಾಗ್ಲೇ ಹೇಳು, ಮತ್ತೆ ಮಲಗಿಬಿಟ್ಟಾನು” ಅಂದ.

ಸಾಲೇಹ್ ದಾಟಿಸಲಿ ಅಂದೆ. ಮಾತು ಮುಗಿಸಿ ತಿರುಗಿದರೆ ಲುಲುಕ್ ಬಾಗಿಲಲ್ಲಿ ನಿಂತಿದ್ದಳು. ನನಗೆ ಕೈಮುಗಿದು, ತಂಗುಮನೆಯಲ್ಲಿ ಹೊಸಬರನ್ನು ಕೇಳುವ ದನಿಯಲ್ಲೇ, “ಎಷ್ಟು ದಿನ ತಂಗ್ತೀರಿ?” ಅಂದಳು. ನಗಲು ನೋಡಿದಳು, ಆಗಲಿಲ್ಲ.

ನನಗೂ ಈ ಸಲ ನಗು ಬರಲಿಲ್ಲ.

ಈ ಹಾಳೆಗಳನ್ನು ಈಗ ಹರಿಯುತ್ತೇನೆ. ಹರಿಯುವ ಮುಂಚೆ ಪುಸ್ತಕದ ಮೊದಲ ಪುಟ ತೆರೆದು, ಗೆರೆಗಳೊಳಗೆ, ಆದಷ್ಟು ದುಂಡಗೆ ಬರೆದಿದ್ದೇನೆ. ನಾಳೆ ಅವಳ ಕೈಗೆ ಕೊಡುತ್ತೇನೆ.

ಹೆಸರು: ತಿಂಬುಲ್.

ಊರು: ಇದೇ.

ತಂಗುವ ದಿನಗಳು: ಗುಡ್ಡಕ್ಕೊಂದು, ಕಾಡಿಗೊಂದು, ಸಮುದ್ರಕ್ಕೊಂದು. ಆಮೇಲಿನವು ಮನೆಗೆ.

ಅಭಿಪ್ರಾಯ: ಅಳಿಯ ಕಾಫಿ ಕೊಟ್ಟ. ಕುಡಿದೆ.